ಸಂತ ಅಂತೋಣಿಯವರ ಖಾಲಿ ತೋಳು

ಜೂನ್ 4, ಬುಧವಾರ, ಬೆಳಿಗ್ಗೆ ಒಂಬತ್ತೂವರೆ. ಕೂಡ್ಲಿಗಿ ಠಾಣೆಯ ಮೆಟ್ಟಿಲು ಹತ್ತಿ ಇಬ್ಬರು ಬಂದರು. ಒಬ್ಬರು ಕೊಟ್ಟೂರು ರಸ್ತೆಯ ಸಂತ ಅಂತೋಣಿ ಚರ್ಚಿನ ಗುರು ಫಾದರ್ ಇನ್ನಾಸಪ್ಪ. ಇನ್ನೊಬ್ಬ ಅಲ್ಲಿ ಗಂಟೆ ಬಾರಿಸುವ ಮುದುಕ ಚೌರಪ್ಪ. ಫಾದರ್ ಕುಳಿತರು. ಚೌರಪ್ಪ ಕೂರಲು ಒಪ್ಪಲಿಲ್ಲ.

“ಏನು ಕಳವಾಗೈತ್ರಿ?” ಪಿಎಸ್‌ಐ ಗವಿಸಿದ್ದೇಶ್ ಕೇಳಿದರು.

“ಬಾಲಯೇಸುವಿನ ಮೂರ್ತಿ. ಸಂತ ಅಂತೋಣಿಯವರ ತೋಳಿನಲ್ಲಿತ್ತು. ಮರದ್ದು, ಒಂದು ಮೊಳ ಇರಬಹುದು.”

“ಸಂತರ ಮೂರ್ತಿ?”

“ಅದು ಇದೆ. ಕೂಸು ಮಾತ್ರ ಇಲ್ಲ.”

“ಮತ್ತೇನು ಹೋಗೈತಿ?”

“ಏನೂ ಇಲ್ಲ. ಕೂಸಿನ ತಲೆ ಮೇಲೆ ಬೆಳ್ಳಿ ಕಿರೀಟ ಇತ್ತು. ಅದನ್ನ ತೆಗೆದು ಸಂತರ ಪಾದದ ಹತ್ತಿರ ಇಟ್ಟಿದ್ದಾರೆ.”

ಗವಿಸಿದ್ದೇಶ್ ಪೆನ್ನು ಕೆಳಗಿಟ್ಟರು. ಕಿರೀಟಕ್ಕಾಗಿ ದೇವರನ್ನು ಮುಟ್ಟಿದ ಕಳ್ಳರನ್ನು ಅವರು ಕಂಡಿದ್ದರು. ಕಿರೀಟ ಬಿಟ್ಟು ದೇವರನ್ನು ಒಯ್ದವರನ್ನು ಕಂಡಿರಲಿಲ್ಲ.

ಕಾನ್‌ಸ್ಟೆಬಲ್ ಮಾರೇಶ್ ಬಾಗಿಲಲ್ಲೇ ನಿಂತು ಕೇಳುತ್ತಿದ್ದ. “ಕಳದದ್ದು ಹುಡುಕಿಕೊಡೋ ಸಂತ ಅಂತಾರಲ್ರಿ ಫಾದರ್, ಅಂತೋಣಿಯವರನ್ನ? ತಮ್ಮ ಕೂಸು ತಾವೇ ಹುಡುಕ್ಕೊಳ್ಳಾಕ ಬರಂಗಿಲ್ಲೇನು?”

“ಅದಕ್ಕೇ ನಿಮ್ಮ ಹತ್ತಿರ ಕಳಿಸಿದ್ದಾರೆ,” ಎಂದರು ಫಾದರ್.

ಭಾರತೀಯ ನ್ಯಾಯ ಸಂಹಿತೆ ಕಲಂ 305ರ ಅಡಿ, ಪೂಜಾಸ್ಥಳದಿಂದ ಮೂರ್ತಿ ಕಳವು ಎಂದು ಎಫ್‌ಐಆರ್ ದಾಖಲಾಯಿತು. ಅವಸರವೂ ಇತ್ತು. ಸಂತರ ಹಬ್ಬ ಹದಿಮೂರಕ್ಕೆ. ಅದರ ಮುಂಚಿನ ಒಂಬತ್ತು ದಿನದ ಪ್ರಾರ್ಥನೆ, ಅವರು ನೊವೆನಾ ಅನ್ನುವುದು, ಅವತ್ತೇ ಸಂಜೆ ಶುರುವಾಗಬೇಕಿತ್ತು.

ಹನ್ನೊಂದು ಗಂಟೆಗೆ ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ಆರಂಭಿಸಿದರು. ಚರ್ಚಿಗೆ ನಲವತ್ತು ಮನೆಯ ಒಕ್ಕಲು. ಆದರೆ ಮಂಗಳವಾರ ಸಂಜೆ ಮೇಣದಬತ್ತಿ ಹಚ್ಚಲು ಸುತ್ತಿನ ಹಳ್ಳಿಗಳಿಂದ ಬರುವವರಲ್ಲಿ ಕ್ರೈಸ್ತರಲ್ಲದವರೇ ಹೆಚ್ಚು. ಬೀಗ ಮುರಿದಿರಲಿಲ್ಲ. ಕಾಣಿಕೆ ಡಬ್ಬಿ ಅಲುಗಿರಲಿಲ್ಲ. ಕಂದು ನಿಲುವಂಗಿಯ ಸಂತರು ಎಡತೋಳು ಬಾಗಿಸಿ, ಕೂಸಿನ ಮುಖ ಇರಬೇಕಾದ ಕಡೆಗೇ ನೋಡುತ್ತ ನಿಂತಿದ್ದರು. ಅಲ್ಲಿ ಈಗ ಹಸಿರು ಕುಪ್ಪಸದ ಖಣದ ಒಂದು ಗಂಟು ಇತ್ತು.

“ಮಾಟ ರೀ,” ಎಂದ ಚೌರಪ್ಪ. “ಹಾರ ಬದಲಿಸಾಕ ಬಂದಾಗ ನೋಡಿದೆ. ಆವಾಗಿಂದ ಯಾರೂ ಒಳಗ ಕಾಲಿಡಾಕ ಒಲ್ಲರು.”

ಮಾರೇಶ್ ಒಂದು ಹೆಜ್ಜೆ ಹಿಂದೆ ಸರಿದ. ಹೆಡ್ ಕಾನ್‌ಸ್ಟೆಬಲ್ ದುರ್ಗಾ ಕೈಯಿಂದಲೇ ಗಂಟು ಬಿಚ್ಚಿದಳು. ಜೋಳ, ಅಡಿಕೆ, ಅರಿಶಿಣದ ಕೊಂಬು, ಒಂದು ಕೊಬ್ಬರಿ ಬಟ್ಟಲು.

“ಮಾಟ ಅಲ್ಲ ಸರ್, ಉಡಿ ತುಂಬ್ಯಾರ,” ಎಂದಳು. “ಕೂಸು ತಗೊಂಡು ಮಡಿಲು ಖಾಲಿ ಬಿಡಾಕ ಮನಸಾಗಿಲ್ಲ.”

“ಉಡಿ ತುಂಬೋದು ಹೆಣ್ಮಕ್ಕಳಿಗಲ್ಲೇನಕ್ಕ?” ಎಂದ ಮಾರೇಶ್.

“ಕೂಸು ಎತ್ತಿಕೊಂಡೋರಿಗೆಲ್ಲ ಉಡಿ ಇರ್ತೈತಿ ಬಿಡಲೇ.”

ಕದ್ದವಳು ಹೆಂಗಸು, ಈ ಕಡೆಯ ಪದ್ಧತಿಯವಳು, ಸಂತರಿಗೆ ನೋವಾಗಬಾರದೆಂದು ಯೋಚಿಸಿದವಳು. ಇಷ್ಟು ಖಚಿತವಾಯಿತು. ಮಂಗಳವಾರದ ಜನಜಂಗುಳಿಯಲ್ಲಿ ಸೆರಗಿನೊಳಗೆ ಕೂಸು ಕಟ್ಟಿಕೊಂಡು ಹೊರಟ ಹೆಂಗಸನ್ನು ಯಾರೂ ತಡೆಯುವುದಿಲ್ಲ. ಮಕ್ಕಳಿಲ್ಲದ ಯಾರೋ ಒಯ್ದಿರಬೇಕು ಎಂದು ಗವಿಸಿದ್ದೇಶ್ ಲೆಕ್ಕ ಹಾಕಿದರು. ಸಂತಾನಕ್ಕಾಗಿ ಬೆಳ್ಳಿ ತೊಟ್ಟಿಲು ಹರಕೆ ಕೊಟ್ಟವಳೊಬ್ಬಳ ಹೆಸರನ್ನು ಚೌರಪ್ಪ ಹೇಳಿದ: ಕೊಟ್ಟೂರಿನ ಕಿರಾಣಿ ಅಂಗಡಿಯ ಮನೆಯ ಸೊಸೆ ಅರ್ಚನಾ.

ಮರುದಿನ ಅಲ್ಲಿಗೆ ಹೋದರು. ಅತ್ತೆ ಪಡಸಾಲೆಯಲ್ಲೇ ಕುಳಿತಿದ್ದಳು.

“ಮಂಗಳವಾರ ಚರ್ಚಿಗೆ ಹೋಗಿದ್ರೇನಮ್ಮ?”

“ಹೋಗಿದ್ದೆ.”

“ಯಾಕ?”

ಅರ್ಚನಾ ಅತ್ತೆಯ ಕಡೆ ನೋಡಿ, ಮತ್ತೆ ಪಿಎಸ್‌ಐ ಕಡೆ ನೋಡಿದಳು. “ಊರಿಗೆಲ್ಲ ಗೊತ್ತಿರೋದನ್ನ ಮತ್ತ ನನ್ನ ಬಾಯಾಗೇ ಹೇಳಸ್ತೀರಲ್ರಿ.”

ಗವಿಸಿದ್ದೇಶ್ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. “ತಪ್ಪಾತಮ್ಮ,” ಎಂದು ಎದ್ದರು. ಬಾಗಿಲವರೆಗೆ ಬಂದ ಅರ್ಚನಾ, ಅತ್ತೆಗೆ ಕೇಳದಷ್ಟು ಮೆಲ್ಲಗೆ ಹೇಳಿದಳು: “ಬೇಡಾಕಿ ಏನಾರ ಕೊಡ್ತಾಳ್ರಿ, ಕಸಗೊಳ್ಳಂಗಿಲ್ಲ. ಕಸಗೊಂಡಾಕಿದು ಏನೋ ಕಳದಿರಬೇಕು. ಕಂಬದ ಹತ್ರ ಒಬ್ಬಾಕಿ ಕುಂದರ್ತಿದ್ಲು. ಬತ್ತಿ ಹಚ್ಚಾಂಗಿಲ್ಲ, ಕಣ್ಣು ಮುಚ್ಚಾಂಗಿಲ್ಲ, ಸಂತರ ಕೈಯಾಗಿನ ಕೂಸನ್ನೇ ನೋಡ್ತಿದ್ಲು. ಉಗುರೆಲ್ಲ ಕರ್ರಗ. ಹುಣಸಿಹಣ್ಣು ಬಿಡಿಸೋರ ಉಗುರು.”

ಕೂಡ್ಲಿಗಿಯ ಹೊರಗೆ ಹುಣಸೆಹಣ್ಣು ಬಿಡಿಸುವ ಶೆಡ್ಡುಗಳಿವೆ. ಎರಡನೆಯದರಲ್ಲಿ ಜೋಗಮ್ಮ ಎಂಬಾಕೆ ಬೀಜ ಕುಟ್ಟುವುದನ್ನು ನಿಲ್ಲಿಸದೆ ಉತ್ತರ ಕೊಟ್ಟಳು.

“ಅಂಜಿನಕ್ಕ ಇರಬೇಕ್ರಿ. ನಿನ್ನೆಯಿಂದ ಕೆಲಸಕ್ಕಿಲ್ಲ. ಮನ್ಯಾಗ ಕೂಸೈತಿ, ಬಿಟ್ಟು ಬರಾಕಾಗಂಗಿಲ್ಲ ಅಂದ್ಲು.”

“ಕೂಸೇ?”

“ಗಂಡ ಸತ್ತು ಎಂಟು ವರ್ಷಾತು. ಎಲ್ಲಿಂದ ಬಂತವ್ವ ಅಂತ ನಾವೂ ನಕ್ಕಿವಿ. ಅಕಿ ನಗಲಿಲ್ಲ.”

ಊರಂಚಿನ ತಗಡಿನ ಮನೆ ಮುಟ್ಟುವಾಗ ಹೊತ್ತು ಮುಳುಗುತ್ತಿತ್ತು. ಅಂಜಿನಕ್ಕ ಹೊಸ್ತಿಲ ಮೇಲೆ ಕುಳಿತಿದ್ದಳು. ಜೀಪು ಕಂಡು ಎದ್ದು, ಬಾಗಿಲಿಗೆ ಅಡ್ಡ ನಿಂತಳು.

“ಕೂಸು ಎಲ್ಲೈತಿ?”

“ಒಳಗ ಐತ್ರಿ.”

“ನೀನೇ ಎತ್ಕೊಂಡು ಬಂದಿಯೇನು?”

“ನಾನೇ. ಸುಳ್ಳು ಯಾಕ ಹೇಳ್ಲಿ.”

“ಯಾಕ ತಂದಿ?”

“ಒತ್ತಿ ಇಟ್ಕೊಂಡೀನ್ರಿ. ನನ್ನ ಮಗನ್ನ ಕೊಟ್ರ ಅವರ ಕೂಸು ಕೊಡ್ತೀನಿ.”

ಮಾರೇಶನಿಗೆ ನಗು ಬರಬೇಕಿತ್ತು. ಬರಲಿಲ್ಲ. ಗವಿಸಿದ್ದೇಶ್ ಕಟ್ಟೆಯ ಮೇಲೆ ಕುಳಿತರು.

“ಮಗ ಎಲ್ಲಿ?”

“ಗೊತ್ತಿಲ್ರಿ. ಗಾದಿಲಿಂಗ ಅಂತ, ಹದಿನಾರು ವರ್ಷ. ಮಾತು ಬರಂಗಿಲ್ಲ. ಕಾರ್ತೀಕದಾಗ ದವಾಖಾನಿಗೆ ಅಂತ ದೊಡ್ಡ ಊರಿಗೆ ಒಯ್ದಿದ್ದೆ. ಬಸ್‌ಸ್ಟ್ಯಾಂಡಿನಾಗ ಕುಂದ್ರಿಸಿ ನೀರು ತರಾಕ ಹೋದೆ. ಬರೋದ್ರಾಗ ಇರಲಿಲ್ಲ.”

“ಕಂಪ್ಲೇಂಟ್ ಕೊಟ್ಟಿಲ್ಲೇನು?”

“ಅಲ್ಲಿ ಠಾಣ್ಯಾಗ ಒಂದು ಚೀಟ್ಯಾಗ ಬರಕೊಂಡು, ಬರ್ತಾನ ಹೋಗವ್ವ ಅಂದ್ರು. ಮೈಲಾರಕ್ಕ ಹೋದೆ, ಕೊಟ್ಟೂರಿಗೆ ಹೋದೆ, ದೇವರಿಗೆ ಬೇಡಿಕೊಂಡೆ. ಕಳದದ್ದು ಹುಡುಕೋ ಸಂತ ಒಬ್ರು ಇಲ್ಲೇ ಅದಾರ ಅಂದ್ರು, ಅಲ್ಲೂ ಹೋಗಿ ಕುಂತೆ. ಮಂಗಳವಾರ ಮಂಗಳವಾರ ಕುಂತೆ. ನೋಡ್ತಾ ನೋಡ್ತಾ ತಿಳೀತು. ಕೂಸು ಕಂಕುಳಾಗ ಇಟ್ಕೊಂಡೋರಿಗೆ ಏನು ಗೊತ್ತಾಗ್ತೈತ್ರಿ? ಖಾಲಿ ಕೈ ಹೆಂಗಿರ್ತೈತಿ ಅಂತ ಅವರಿಗೂ ಗೊತ್ತಾಗ್ಲಿ ಅಂತ ತಂದೆ.”

“ಈಗ ನೀನು ಅದನ್ನ ಕೊಡಬೇಕಾಗ್ತೈತಿ.”

“ಸಂತರು ಸುಮ್ನಿಲ್ಲ ನೋಡ್ರಿ,” ಎಂದಳು ಅವಳು, ಸಮಾಧಾನದಿಂದ. “ನನ್ನ ಮಗ ಹೋದಾಗ ಒಬ್ರೂ ಬರಲಿಲ್ಲ. ಅವರ ಕೂಸಿಗೆ ಮೂರು ಮಂದಿ ಪೊಲೀಸರು ಜೀಪ್ ತಗೊಂಡು ಬಂದೀರಿ. ಬಂದು ನನ್ನ ಮಗ ಎಲ್ಲಿ ಅಂತ ಕೇಳಿದ್ರಿ. ಅವರೇ ಕಳಿಸ್ಯಾರ.”

ಗವಿಸಿದ್ದೇಶ್ ಕಟ್ಟೆಯಿಂದ ಎದ್ದರು. ಅವರ ಕೈಮೇಲಿನ ಕೂದಲು ನಿಂತಿದ್ದನ್ನು ದುರ್ಗಾ ಕಂಡಳು, ಕಾಣದವಳಂತೆ ಇದ್ದಳು. ಸೂರ್ಯ ಮುಳುಗಿದ ಮೇಲೆ ಹೆಣ್ಣುಮಗಳನ್ನು ಬಂಧಿಸಲು ಕಾನೂನು ಬಿಡುವುದಿಲ್ಲ. ಅವರು ಅದನ್ನು ನೆಪ ಮಾಡಿಕೊಂಡರೋ ನಿಯಮ ಪಾಲಿಸಿದರೋ, ನೋಟಿಸು ಕೊಟ್ಟು, ದುರ್ಗಾಳನ್ನು ಕಾವಲಿಗೆ ಬಿಟ್ಟು, ಹುಡುಗನ ಫೋಟೊ ಇಸಕೊಂಡು ಹೊರಟರು. ಠಾಣೆಗೆ ಫೋನು ಮಾಡಿ, ಗಾದಿಲಿಂಗ ಕಾಣೆಯಾದ ಬಗ್ಗೆ ಯಾವ ಠಾಣೆಯಲ್ಲಾದರೂ ದಾಖಲಿಸಬಹುದಾದ ಝೀರೋ ಎಫ್‌ಐಆರ್‌ಗೆ ತಯಾರಿ ಮಾಡಿ ಎಂದರು.

ಚರ್ಚಿನಲ್ಲಿ ನೊವೆನಾದ ಎರಡನೆಯ ಸಂಜೆ. ಉಡಿಯ ವಿಷಯ ತಿಳಿದು ಜನ ಮತ್ತೆ ಒಳಗೆ ಬಂದಿದ್ದರು. ಫಾದರ್ ಫೋಟೊ ನೋಡಿದರು, ಪಿಎಸ್‌ಐ ಹೇಳಿದ್ದನ್ನು ಕೇಳಿದರು, ಪೀಠದ ಹತ್ತಿರ ಹೋಗಿ ಎಲ್ಲವನ್ನೂ ಇದ್ದದ್ದು ಇದ್ದಂತೆ ಜನರಿಗೆ ಹೇಳಿಬಿಟ್ಟರು. ಗವಿಸಿದ್ದೇಶ್ ಬೂಟು ಬಿಚ್ಚಿ ಹಿಂದೆ ನಿಂತಿದ್ದರು. ಸಿಟ್ಟು ಏಳುತ್ತದೆ ಎಂದು ಮಾರೇಶನಿಗೆ ಬಾಗಿಲ ಬಳಿ ಇರಲು ಸನ್ನೆ ಮಾಡಿದ್ದರು.

ಮೊದಲು ಎದ್ದವನು ಚೌರಪ್ಪ.

“ಹುಡುಗನ ಹೆಸರು ಏನಂದ್ರಿ ಫಾದರ್?”

“ಗಾದಿಲಿಂಗ.”

ಚೌರಪ್ಪ ಮೊಣಕಾಲೂರಿದ. ಅವನ ಹಿಂದೆ ಇಡೀ ಚರ್ಚು ಮೊಣಕಾಲೂರಿತು. ಜಪಸರ ಶುರುವಾಯಿತು. ಪ್ರತಿ ಹತ್ತು ‘ನಮೋ ಮರಿಯಾ’ ಮುಗಿದಾಗಲೂ ಆ ಹೆಸರು ಬಂತು: ಗಾದಿಲಿಂಗನಿಗಾಗಿ, ಗಾದಿಲಿಂಗನಿಗಾಗಿ. ಕೊರಳಲ್ಲಿ ಲಿಂಗ ಕಟ್ಟಿದ ಹೆಂಗಸರೂ ಕೈಮುಗಿದು ಹೇಳಿದರು. ಮೇಣದ ಬೆಳಕಿನಲ್ಲಿ ಸಂತರ ಬಾಗಿದ ತೋಳು ಯಾರದೋ ದಾರಿ ಕಾಯುವಂತೆ ಕಂಡಿತು. ಗವಿಸಿದ್ದೇಶ್ ಮನೆದೇವರಿಗೆ ಬಿಟ್ಟು ಬೇರೆಲ್ಲೂ ತಲೆ ಬಗ್ಗಿಸಿದವರಲ್ಲ. ತಲೆ ತಾನಾಗಿ ಬಗ್ಗಿತ್ತು.

ಪ್ರಾರ್ಥನೆ ಮುಗಿದ ಕೂಡಲೇ ಎಲ್ಲರ ಫೋನುಗಳು ಹೊರಬಂದವು. ಒಬ್ಬರ ಮಗಳು ಗೋವಾದಲ್ಲಿ ನರ್ಸ್, ಒಬ್ಬರ ತಮ್ಮ ಪುಣೆಯಲ್ಲಿ ಡ್ರೈವರ್, ಒಬ್ಬರ ತಂಗಿ ಬೆಳಗಾವಿಯ ಮಠದಲ್ಲಿ ಸಿಸ್ಟರ್. ಫೋಟೊ ಎಲ್ಲ ಕಡೆ ಹೋಯಿತು.

ಶುಕ್ರವಾರ ಸರ್ಕಲ್ ಸಾಹೇಬರ ಫೋನು. “ಮೂರ್ತಿ ಎಲ್ಲಿದೆ ಅಂತ ಗೊತ್ತಿದ್ದೂ ಯಾಕೆ ತಂದಿಲ್ಲ?”

“ಕಾವಲೈತಿ ಸರ್, ಎಲ್ಲೂ ಹೋಗಂಗಿಲ್ಲ. ಎಳಕೊಂಡು ತಂದ್ರ ನೋಡೋರಿಗೆ ಚಂದ ಕಾಣಂಗಿಲ್ಲ.”

“ನಾಳೆ ಸಂಜೆವರೆಗೆ. ಆಮೇಲೆ ನಾನೇ ಬರ್ತೀನಿ.”

ಶನಿವಾರ ಮಧ್ಯಾಹ್ನ ಫಾದರ್ ಓಡುತ್ತಲೇ ಠಾಣೆಗೆ ಬಂದರು. ಮೀರಜ್ ಹತ್ತಿರ ಸಿಸ್ಟರುಗಳು ನಡೆಸುವ ಅನಾಥಾಲಯದಿಂದ ಕರೆ ಬಂದಿತ್ತು. ನವೆಂಬರಿನಲ್ಲಿ ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ಸಿಕ್ಕ ಹುಡುಗ, ಮಾತಿಲ್ಲ.

ಅಂಜಿನಕ್ಕನ ಹೊಸ್ತಿಲಲ್ಲಿ ದುರ್ಗಾ ಫೋನು ಹಿಡಿದು ವಿಡಿಯೊ ಹಚ್ಚಿದಳು. ಹುಡುಗ ಬೆಳೆದಿದ್ದ, ಮೀಸೆ ಚಿಗುರಿತ್ತು. ಪರದೆಯನ್ನು ನೋಡಿದ. ಬೆರಳಿನಿಂದ ಮುಟ್ಟಿದ. ಆಮೇಲೆ ಸಿಸ್ಟರ್ ಕೈಯಿಂದ ಫೋನು ಕಸಿದುಕೊಂಡು, ತಿರುಗಿಸಿ, ಅದರ ಹಿಂದುಗಡೆ ಅವ್ವನನ್ನು ಹುಡುಕಿದ.

ಅಂಜಿನಕ್ಕ ಅಳಲಿಲ್ಲ. ಒಳಗೆ ಹೋಗಿ ಬಾಲಯೇಸುವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮಗನ ಟವಲಿನಲ್ಲಿ ಸುತ್ತಿ, ಕಂಕುಳಲ್ಲಿ ಎತ್ತಿಕೊಂಡು ಹೊರಬಂದಳು.

“ಜೀಪು ಹತ್ತು,” ಎಂದರು ಗವಿಸಿದ್ದೇಶ್.

“ಜೀಪಿನ್ಯಾಗ ತಂದದ್ದಲ್ರಿ, ಜೀಪಿನ್ಯಾಗ ಒಯ್ಯಂಗಿಲ್ಲ.”

ಅವಳು ನಡೆದಳು. ಹಿಂದೆ ಜೀಪು ಅವಳ ಹೆಜ್ಜೆಗೆ ತಕ್ಕಂತೆ ಬಂತು. ಹುಣಸೆ ಶೆಡ್ಡಿನ ಹೆಂಗಸರು ಎದ್ದು ಕೈ ಒರೆಸಿಕೊಂಡು ಹಿಂಬಾಲಿಸಿದರು. ಟೀ ಅಂಗಡಿಯವರು ಎದ್ದು ನಿಂತರು. ದೂರದಿಂದಲೇ ಕಂಡ ಚೌರಪ್ಪ ಯಾರೂ ಹೇಳದೆ ಗಂಟೆ ಬಾರಿಸತೊಡಗಿದ. ಚರ್ಚಿನೊಳಗೆ ಅವಳೇ ಕುರ್ಚಿ ಹತ್ತಿ ಕೂಸನ್ನು ಸಂತರ ತೋಳಿನ ಗೂಟಕ್ಕೆ ಕೂರಿಸಿದಳು, ಅಲುಗಾಡದಂತೆ ಒಮ್ಮೆ ಒತ್ತಿ ನೋಡಿದಳು. ಕೆಳಗಿಳಿದು ಗವಿಸಿದ್ದೇಶರ ಮುಂದೆ ಬಂದು ನಿಂತಳು.

“ನಾವು ದೂರು ಹಿಂದಕ್ಕೆ ತಗೋತೀವಿ,” ಎಂದರು ಫಾದರ್.

“ಬರೆದಾಗೈತ್ರಿ. ಅದನ್ನ ಕೋರ್ಟಿನಾಗ ಹೇಳ್ರಿ.”

ಜಪ್ತಿ ಪಂಚನಾಮೆ ಬರೆದು, ಮೂರ್ತಿಯನ್ನು ಇದ್ದ ಜಾಗದಲ್ಲೇ ಫಾದರ್ ಸುಪರ್ದಿಗೆ ಕೊಡಲು ಕೋರ್ಟಿಗೆ ಅರ್ಜಿ ತಯಾರಿಸಿದರು. ಸಂಜೆ ಐದಕ್ಕೆ, ಇನ್ನೂ ಬಿಸಿಲಿರುವಾಗ, ದುರ್ಗಾ ಅಂಜಿನಕ್ಕನನ್ನು ಬಂಧಿಸಿದಳು.

“ನನ್ನ ಮಗ ಯಾವಾಗ ಬರ್ತಾನ್ರಿ?”

“ಮಾರೇಶ ಕರಕೊಂಡು ಬರಾಕ ಹೋಗ್ಯಾನ. ಸೋಮವಾರ,” ಎಂದಳು ದುರ್ಗಾ.

“ಅಷ್ಟರಾಗ ನನ್ನ ಬಿಡ್ತಾರೇನು?”

“ಜಾಮೀನಿಗೆ ಫಾದರ್ ಅದಾರ, ಚೌರಪ್ಪ ಅದಾನ. ಇನ್ನೂ ಹತ್ತು ಮಂದಿ ಹೊರಗ ನಿಂತಾರ.”

ಅವತ್ತು ಸಂಜೆ ಗವಿಸಿದ್ದೇಶ್ ವರದಿ ಬರೆಯಲು ಕುಳಿತರು. ಅಪರಾಧದ ಉದ್ದೇಶ ಎಂಬ ಕಡೆ ಪೆನ್ನು ನಿಂತಿತು. ಅಲ್ಲಿ ಅವರು ಆಸೆ, ಕುಡಿತ, ಹಳೆಯ ದ್ವೇಷ ಎಂದು ಎಷ್ಟೋ ಸಲ ಬರೆದಿದ್ದರು. ಒತ್ತೆ ಎಂದು ಬರೆದರೆ ಯಾರಿಂದ ಏನನ್ನು ಪಡೆಯಲು ಎಂದು ಕೋರ್ಟು ಕೇಳುತ್ತದೆ. ಕೊನೆಗೆ ‘ಆರೋಪಿತಳಿಗೆ ತನ್ನ ಮಗ ಬೇಕಾಗಿದ್ದ’ ಎಂದು ಬರೆದು, ಸಹಿ ಮಾಡಿದರು.