ತಿರುಗಿ ಹೋದ ಒಣ ಬಂಗಡೆ

"ಬೇಡ ರೋಷನ. ಇದನ್ನ ನಮ್ಮನೇಲಿ ತಿನ್ನುದಿಲ್ಲ. ತಗೊಂಡ್ ಹೋಗು."

ವಿನುತಾ ಒಣ ಬಂಗಡೆ ಮೀನಿನ ಪೊಟ್ಟಣವನ್ನು ಅವನ ಕೈಗೇ ತುರುಕಿದಳು. ಅಂಕೋಲೆಯ ಅವಳ ಮನೆಯ ಅಂಗಳಕ್ಕೆ ಅವನು ಕಾಲಿಟ್ಟದ್ದು ಅದೇ ಮೊದಲು. ನಗುತ್ತ ಬಂದವನ ಮುಖ ನೋಡನೋಡುತ್ತಲೇ ಬಾಡಿತು.

"ಆಯ್ತು" ಎಂದ. ಅಷ್ಟೇ. ಬೈಕು ಹತ್ತಿ ಹೊರಟೇಹೋದ.

ಇವನಿಗೇನಾಯ್ತು...? ನೀರು ಕುಡಿಯಲೂ ನಿಲ್ಲಲಿಲ್ಲವಲ್ಲ...

ಹುಡುಗಿ ಕೆಟ್ಟವಳಲ್ಲ. ತಲೆಯೊಳಗೆ ಪುಸ್ತಕ ಹೊಕ್ಕಿತ್ತು. ಅಪ್ಪ ಶನಿಯಾರನಿಗೆ ಬಿಪಿ ಏರಿ, ಉಪ್ಪು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ್ದೇ ತಡ, ಕಾರವಾರಕ್ಕೆ ಹೋಗಿ ಆರೋಗ್ಯದ ಅಡುಗೆ ಪುಸ್ತಕ ತಂದಿದ್ದಳು. ಅಂದಿನಿಂದ ಮನೆಯಲ್ಲಿ ಉಪ್ಪಿನಕಾಯಿ ಬಂದ್, ಹಪ್ಪಳ ಬಂದ್, ಒಣಮೀನು ಬಂದ್. ಬೆಳಿಗ್ಗೆ ಓಟ್ಸಿನ ದೋಸೆ.

"ಎಂತದೇ ಇದು?" ಶನಿಯಾರ ದೋಸೆಯನ್ನು ಎತ್ತಿ ಹಿಡಿದಿದ್ದ. "ದನಕ್ಕೆ ಹಾಕಿದ್ರೆ ದನ ನನ್ನ ಮುಖ ನೋಡ್ತದೆ."

"ತಿನ್ನು ಅಪ್ಪಾ. ನಿಂಗೆ ನಾನು ಬೇಕಾ, ಉಪ್ಪು ಬೇಕಾ?"

"ಇಬ್ರೂ ಬೇಕು" ಎಂದು ಗೊಣಗುತ್ತಲೇ ತಿಂದ.

ಪೊಟ್ಟಣ ತಿರುಗಿ ಹೋದ ಮರುದಿನ ರೋಷನ ಪೇಟೆಯಲ್ಲಿ ಕಾಣಲಿಲ್ಲ. ಅದರ ಮರುದಿನವೂ ಇಲ್ಲ.

ವಿನುತಾ ಸೊಪ್ಪು ಮಾರುವ ಜಾಗದ ಎದುರೇ ಅವನ ತಾಯಿ ಕಾಶಿ ಮೀನು ಮಾರುತ್ತಾಳೆ. ತಾಯಿಗೆ ಬುಟ್ಟಿ ಇಳಿಸಿಕೊಡುವ ನೆಪದಲ್ಲಿ ಅವನು ಬಂದು ಇವಳ ಹತ್ತಿರ ಹರಿವೆ ಕೊಳ್ಳುತ್ತಿದ್ದ. ಹುಟ್ಟಿದಾಗಿನಿಂದ ಸೊಪ್ಪು ಮುಟ್ಟದವನು! ಹಾಗೆ ಬೆಳೆದ ಪ್ರೀತಿ ಅದು. ಈಗ ಕಾಶಿಯೂ ಮುಖ ತಿರುಗಿಸಿ ಕೂತಿದ್ದಳು.

ತಡೆಯಲಾರದೆ ವಿನುತಾ ಎದ್ದು ಹೋದಳು. "ಕಾಶಿಯಕ್ಕಾ, ರೋಷನ ಎಲ್ಲಿ?"

"ನಿಂಗೆಂತಕ್ಕೆ ಅವ? ನಾಡಿದ್ದು ತೋಡೂರಿಗೆ ಹೆಣ್ಣು ನೋಡ್ಲಿಕ್ಕೆ ಹೋಗ್ತೇವೆ."

ವಿನುತಾ ಅವಳ ಮೀನಿನ ಬುಟ್ಟಿಗೆ ಅಡ್ಡ ನಿಂತಳು. "ನಾನೆಂತ ತಪ್ಪು ಮಾಡ್ದೆ?"

ಕಾಶಿ ಕತ್ತಿ ಕೆಳಗಿಟ್ಟಳು. "ಗದ್ದೆ ಕೆಲಸದವ್ರ ಮನೆ ಹುಡ್ಗಿ ಬೇಡ ಹೇಳಿ ಹಟ ಹಿಡ್ದವಳು ನಾನು. ಮಗ ಬಿಡ್ಲಿಲ್ಲ, ನಾನೇ ಸೋತೆ. ಮಳೆಗಾಲಕ್ಕೆ ಹೇಳಿ ನನ್ನ ಕೈಯಾರೆ ಒಣಗಿಸಿದ ಮೀನು ಕಳಿಸ್ದೆ. ನಮ್ಮನೇಲಿ ಅದು ಸೊಸೆ ಆಗುವವಳ ಮನೆಗೆ ಮಾತ್ರ ಹೋಗೂದು. ತಿರುಗಿ ಬಂತು ಅಂದ್ರೆ ಸಂಬಂಧ ಬೇಡ ಹೇಳಿ ಅರ್ಥ."

ದೇವರೇ... ಉಪ್ಪು ಬೇಡವೆಂದೆ ಅಂದುಕೊಂಡಿದ್ದೆ. ಅವನನ್ನೇ ಬೇಡವೆಂದೆನಾ...?

"ನಂಗೆ ಗೊತ್ತಿರ್ಲಿಲ್ಲ ಅಕ್ಕಾ. ಅಪ್ಪಂಗೆ ಬಿಪಿ. ಒಣಮೀನು ಬೇಡ ಹೇಳಿ ಪುಸ್ತಕದಲ್ಲಿತ್ತು..." ಅವಳು ದನಿ ಏರಿಸಿದಳು. "ನಂಗೆ ರೋಷನ ಬೇಕು."

ಪಕ್ಕದ ಮೀನಿನವರೆಲ್ಲ ತಿರುಗಿ ನೋಡಿದರು. ನಡುಪೇಟೆಯಲ್ಲಿ ಹೀಗೆ ಹೇಳಿದವಳನ್ನು ಕಾಶಿ ಅಡಿಯಿಂದ ಮುಡಿಯವರೆಗೆ ನೋಡಿದಳು.

"ಪುಸ್ತಕ ಬರ್ದವ ಅಂಕೋಲೆಯವನಾ?"

"ಅಲ್ಲ..."

"ಗೊತ್ತಾಯ್ತು ಬಿಡು." ಎರಡು ಹಸಿ ಬಂಗಡೆ ತೆಗೆದು ಇವಳ ಚೀಲಕ್ಕೆ ಹಾಕಿದಳು. "ಪುಸ್ತಕದಲ್ಲಿದ್ದ ಹಾಗೇ ಬೇಯ್ಸು. ಮಧ್ಯಾಹ್ನ ಮಗನ್ನ ಕಳಿಸ್ತೆ. ತಿಂದು ಎದ್ರೆ ತೋಡೂರು ಇಲ್ಲ. ತಿನ್ನದೆ ಎದ್ರೆ ನಂಗೆ ಹೇಳ್ಬೇಡ."

ರೋಷನ ಬಂದ. ಊಟಕ್ಕೆ ಕೂತ. ಶುಂಠಿ, ಕೊತ್ತಂಬರಿ ಅರೆದು ಹಚ್ಚಿ ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ ಬಂಗಡೆಯನ್ನು ವಿನುತಾ ಅವನ ಮುಂದಿಟ್ಟಳು. ಶನಿಯಾರ ಎಂದೂ ಇಲ್ಲದವನು ದನ ನೋಡುವ ನೆಪ ಹೇಳಿ ಹೊರಗೆ ಹೋದ.

ರೋಷನ ಒಂದು ತುತ್ತು ಬಾಯಿಗಿಟ್ಟ.

"ಹೆಂಗಿದೆ?"

"ಸಪ್ಪೆ."

ಅವಳ ಕಣ್ಣು ತುಂಬಿತು. ಅವನು ಇನ್ನೊಂದು ತುಂಡು ಮುರಿದ. ಆಮೇಲೆ ಮತ್ತೊಂದು.

"ಸಪ್ಪೆ ಅಂದ್ಯಲ್ಲ. ಮತ್ತೆಂತಕ್ಕೆ ತಿಂತೆ?"

"ಜೀವಮಾನ ಇಡೀ ತಿನ್ನೂದಲ್ವಾ. ಈಗಲೇ ರೂಢಿ ಆಗ್ಲಿ."

ಅವಳು ಅಳುತ್ತಲೇ ನಕ್ಕಳು. "ಕೋಪ ಹೋಯ್ತಾ?"

"ಕೋಪ ಎಲ್ಲಿತ್ತು, ವಿನುತಾ... ಹೆದ್ರಿಕೆ. ನೀನು ಸಿಗುದಿಲ್ಲ ಹೇಳಿ."

"ಸಿಕ್ದೆ" ಎಂದು ಅವಳು ಅವನ ಪಕ್ಕದಲ್ಲೇ ಕೂತಳು. "ಈಗ ಮುಳ್ಳು ನೋಡ್ಕಂಡು ತಿನ್ನು."