ಗಂಗಳದ ಮೇಲಿನ ಗರಿಕೆ

“ಅಜ್ಜೀ, ಒಟ್ಟೆ ಅಸೀತದೆ. ಹಿಟ್ಟು ತಿನ್ಲಾ?”

“ಸುಮ್ಕಿರು ಮಗ. ಚುಕ್ಕಿಗೆ ಗ್ರಾಣ ಇಡ್ದದೆ, ಇನ್ನೂ ಬುಟ್ಟಿಲ್ಲ.”

ರೇವಿ ಮುಖ ಊದಿಸಿಕೊಂಡು ಕೂತಳು. ಸಾರಿನ ಗಡಿಗೆ, ಮಜ್ಜಿಗೆ ಗಡಿಗೆ, ಕೊನೆಗೆ ಗೂಡಿನಲ್ಲಿದ್ದ ಚಿಕ್ಕಪ್ಪನ ಖಾಲಿ ಊಟದ ಗಂಗಳ, ಎಲ್ಲದರ ಮೇಲೂ ಅಜ್ಜಿ ಗರಿಕೆ ಹುಲ್ಲು ಇಟ್ಟಿದ್ದಳು. ಸೂರ್ಯನಿಗೋ ಚಂದ್ರನಿಗೋ ಗ್ರಹಣ ಹಿಡಿದರೆ ಸರಿ. ನಕ್ಷತ್ರದ ಗ್ರಹಣಕ್ಕೆ ಹಸಿದು ಕೂರುವ ಮನೆ ಇಡೀ ಶಿವನಸಮುದ್ರದಲ್ಲಿ ಇದೊಂದೇ!

ಇದೆಲ್ಲ ಚಿಕ್ಕಪ್ಪ ಮಾಡಿಟ್ಟ ಕೆಲಸ. ಚಿಕ್ಕಮಾದು ಚಿಕ್ಕಪ್ಪ ಪವರ್ ಹೌಸಿನಲ್ಲಿ ಫಿಟ್ಟರ್ ಆಗಿದ್ದ. ರಟ್ಟಿನ ಕೊಳವೆಗೆ ಹಳೆ ಕನ್ನಡಕದ ಗಾಜು ಕೂರಿಸಿ ದುರ್ಬೀನು ಮಾಡಿದ್ದ. ಕಣ್ಣಿಡುವ ಕಡೆ ಮೂರು ಮೂಲೆಯ ಗಾಜು ಹಿಡಿದರೆ ನಕ್ಷತ್ರ ಬಣ್ಣಬಣ್ಣದ ನೂಲಾಗಿ ಕಾಣುತ್ತಿತ್ತು. ಒಂದು ರಾತ್ರಿ ಅದನ್ನು ರೇವಿಯ ಕಣ್ಣಿಗೆ ಹಿಡಿದು ಹೇಳಿದ್ದ:

“ಆ ಚುಕ್ಕಿ ನೋಡು ರೇವಿ. ಮೂರು ದಿನಕ್ಕೊಂದ್ಸಲ ಮಂಕಾಯ್ತದೆ. ಆದ್ರೂ ನೂಲ್ನಾಗೆ ಬಣ್ಣ ಎಲ್ಲಾ ಅಂಗೇ ಅವೆ. ಅದು ಆರೋಯ್ತಿಲ್ಲ ಕಣವ್ವ, ಅದ್ರ ಜೊತೆಗಾರ ಚುಕ್ಕಿ ಅಡ್ಡ ಬತ್ತದೆ. ಆ ಜೊತೆಗಾರ ನಮ್ ಕಣ್ಗೆ ಬೀಳಾಕಿಲ್ಲ. ಬೆಳಕು ಕಮ್ಮಿ ಆದ್ರೇನೇ ಗೊತ್ತಾಗಾದು.”

“ಅಂಗಾರೆ ಗ್ರಾಣಾನೇ ತಾನೆ?” ಎಂದು ಅಜ್ಜಿ ಗರಿಕೆ ತರಲು ಎದ್ದೇಬಿಟ್ಟಿದ್ದಳು. ಚಿಕ್ಕಪ್ಪ ಬಿದ್ದು ಬಿದ್ದು ನಕ್ಕಿದ್ದ.

ಆಮೇಲೆ ಯುದ್ಧ ಬಂತು. ಚಿಕ್ಕಪ್ಪ ಮಿಲಿಟರಿ ಸೇರಿ ಬರ್ಮಾಕ್ಕೆ ಹೋದ. ಹೋದ ವಾರ ಅಪ್ಪ ರೇವಿಯನ್ನು ಹಿತ್ತಲಿಗೆ ಕರೆದು, “ಚಿಕ್ಕಪ್ಪ ಇನ್ನು ಬರಾಕಿಲ್ಲ ಕಣವ್ವ. ತೀರ್ಕಂಡ. ಅಜ್ಜಿಗೆ ಯೋಳ್ಬ್ಯಾಡ, ಅವಳ ಎದೆ ತಡೆಯಾಕಿಲ್ಲ” ಎಂದು ಅತ್ತುಬಿಟ್ಟಿದ್ದ. ಅವತ್ತಿನಿಂದ ರೇವಿಗೆ ಅಜ್ಜಿಯ ಮುಖ ನೋಡುವುದೇ ಸಂಕಟ. ಎಲ್ಲಿ ಬಾಯಿ ಜಾರುತ್ತದೋ ಎಂಬ ಭಯ.

“ಓಗು, ಬುಡ್ತಾ ನೋಡ್ಕಂಡ್ ಬಾ” ಎಂದಳು ಅಜ್ಜಿ.

ರೇವಿ ದುರ್ಬೀನನ್ನು ಜಗಲಿಯ ಕಂಬಕ್ಕೆ ಒರಗಿಸಿ ನೋಡಿದಳು. ಕತ್ತಲಾದಾಗ ಕಂಡದ್ದಕ್ಕಿಂತ ನೂಲು ಈಗ ಚೆನ್ನಾಗಿ ಹೊಳೆಯುತ್ತಿತ್ತು. ಚಿಕ್ಕಪ್ಪ ಇದ್ದಿದ್ದರೆ ಶಿಳ್ಳೆ ಹಾಕುತ್ತಿದ್ದ. ಅವಳಿಗೆ ಅಳು ಬಂತು. ಲಂಗದಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದಳು.

“ಬುಡ್ತು ಅಜ್ಜಿ!”

ಅಪ್ಪ ಹೊರಗೆ ಕೈಕಾಲು ತೊಳೆಯುತ್ತಿದ್ದ. ಅಜ್ಜಿ ಗಡಿಗೆಗಳ ಮೇಲಿನ ಗರಿಕೆ ತೆಗೆದು ಹಿಟ್ಟಿನ ಮುದ್ದೆ ಬಡಿಸಿದಳು. ಚಿಕ್ಕಪ್ಪನ ಗಂಗಳದ ಮೇಲಿನದು ಹಾಗೇ ಉಳಿದಿತ್ತು. ಮರೆತಿರಬೇಕು ಎಂದುಕೊಂಡು ರೇವಿ ಕೈ ಚಾಚಿದಳು.

ಅಜ್ಜಿ ಆ ಕೈ ಹಿಡಿದುಕೊಂಡಳು.

“ಅದ್ನ ಬುಡು ಮಗ. ಆ ಗ್ರಾಣ ಬುಡಾಕಿಲ್ಲ.”

ರೇವಿ ಅಜ್ಜಿಯ ಮುಖ ನೋಡಿದಳು. ಅದೇ ಕಣ್ಣು, ಅದೇ ಮೂಗುಬಟ್ಟು, ಅದೇ ಸುಕ್ಕು. ಎಲ್ಲಾ ಹಾಗೇ ಇತ್ತು. ಮಂಕಾಗಿತ್ತು, ಅಷ್ಟೆ. ಎಷ್ಟು ದಿನದಿಂದ ಹೀಗಿತ್ತೋ!

ಬಾಗಿಲಲ್ಲಿ ಅಪ್ಪನ ಹೆಜ್ಜೆ ಸದ್ದಾಯಿತು. ಅಜ್ಜಿ ರೇವಿಯ ಕಿವಿಯ ಹತ್ತಿರ ಬಾಗಿದಳು.

“ನಂಗೊತ್ತು ಅಂತ ನಿಮ್ಮಪ್ಪಂಗೆ ಯೋಳ್ಬ್ಯಾಡ. ಅವನ ಎದೆ ತಡೆಯಾಕಿಲ್ಲ.”

ರೇವಿ ತಲೆಯಾಡಿಸಿದಳು. ಅಜ್ಜಿಗೆ ಅಂಟಿಕೊಂಡು ಕೂತು, ಹಿಟ್ಟು ಮುರಿದು, ಮೊದಲ ತುತ್ತನ್ನು ಅಜ್ಜಿಯ ಬಾಯಿಗಿಟ್ಟಳು.