ಕೊನೆಯ ನುಡಿಯಲ್ಲಿ ಕಾಣೆಯಾದ ಹೆಸರು

ಹಾಡು ಮುಗಿಯಿತು.

ಚಿಕ್ಕೋಡಿಯ ಗೊಬ್ಬರದ ಅಂಗಡಿಯ ಮಾಳಿಗೆಯ ಮೇಲಿನ ರೆಕಾರ್ಡಿಂಗ್ ಕೋಣೆಯಲ್ಲಿ ಅಮಿತ ಹೊಗಳಿಕೆಗಾಗಿ ಕಾಯುತ್ತ ಕುಳಿತಿದ್ದ. ಕೋಣೆ ಅವನದೇ, ಕಂಪ್ಯೂಟರೂ ಅವನದೇ. ಹಾಡನ್ನು ಮಿಕ್ಸ್ ಮಾಡಿ ಫಳಫಳ ಹೊಳೆಯುವಂತೆ ಮಾಡಿದವನೂ ಅವನೇ. ಆದರೆ ಎದುರಿಗೆ ಕುಳಿತಿದ್ದ ಗೌರಾಬಾಯಿ ಹೆಡ್‌ಫೋನನ್ನು ಕಿವಿಯಿಂದ ತೆಗೆದು ಮೇಜಿನ ಮೇಲಿಟ್ಟು, ಒಂದೇ ಮಾತು ಕೇಳಿದಳು.

"ಅವರ ಹೆಸರು ಎಲ್ಲಿ ಹೋತೋ ತಮ್ಮಾ?"

"ಯಾರ ಹೆಸರರಿ ಆಯಿ?"

ಗೌರಾಬಾಯಿ ಮಗಳ ಮುಖ ನೋಡಿದಳು. ಮಗಳು ಸುಗಂಧಾ ಹೇಳಿದಳು, "ನಮ್ಮಪ್ಪಂದು. ಮುರಗೆಪ್ಪ ಅಂತ. ಈ ಪದಾ ಕಟ್ಟಿದಾವ ಅವನ. ಕಡೀ ನುಡಿಯಾಗ ಅವನ ಹೆಸರು ಬರಬೇಕು. ಬಂದಿಲ್ಲ."

ಅಮಿತ ಕೊನೆಯ ನುಡಿಯನ್ನು ಮತ್ತೆ ಹಚ್ಚಿದ.

*ಬಾವಿ ತೋಡಿದವ ನೀರ ಕುಡೀಲಿಲ್ಲ,*
*ಗಿಡ ಹಚ್ಚಿದವ ನೆರಳ ಕಾಣಲಿಲ್ಲ,*
*ಯಾರ ಬೆವರಿನ ಹೊಲವೊ, ಯಾರ ಉಸಿರಿನ ಪದವೊ,*
*ಕೇಳ್ಯಾನ ಕಬ್ಬೂರ —*

ಅಲ್ಲಿಗೆ ಹಾರ್ಮೋನಿಯಂ ಉಕ್ಕಿ ಬಂತು. ಹೆಸರು ಬರಲೇ ಇಲ್ಲ. 'ಕಬ್ಬೂರ' ಎಂಬ ಊರ ಹೆಸರೊಂದೇ ಗೂಡು ಕಳೆದುಕೊಂಡ ಹಕ್ಕಿಯಂತೆ ಅಲ್ಲೇ ನಿಂತುಬಿಟ್ಟಿತ್ತು.

ಗೋಡೆಗೆ ಒರಗಿ ನಿಂತಿದ್ದ ಕಾಕಾಸಾಹೇಬನ ಮುಖ ಸಪ್ಪಗಾಯಿತು. ಮುರಗೆಪ್ಪನ ಭಜನಿ ಮೇಳದಲ್ಲಿ ಚಿಕ್ಕಂದಿನಿಂದ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸಿದವನು ಅವನು. ಗುರು ತೀರಿಕೊಂಡ ಮೇಲೆ ಮೇಳ ಅವನ ಕೈಗೆ ಬಂದಿತ್ತು. ಈಚೆಗೆ ರಾಯಬಾಗದ ಕಡೆ ಯಾರೋ ಇದೇ ಪದವನ್ನು 'ಕೇಳ್ಯಾನ ಕಬ್ಬೂರ ಕಾಕಾಸಾಹೇಬ' ಎಂದು ಹಾಡಿ ಮೊಬೈಲಿಗೆ ಬಿಟ್ಟಿದ್ದರು. ತಾನು ಹಾಡಿಸಿದ್ದಲ್ಲ ಎಂದು ಅವನು ಆಣೆ ಮಾಡಿದ್ದ. ಅರ್ಧ ಊರು ನಂಬಿತ್ತು, ಇನ್ನರ್ಧ ಊರು ನಕ್ಕಿತ್ತು. ಅದಕ್ಕೇ ಗೌರಾಬಾಯಿ ತಾನೇ ಹಾಡಿ ಗಂಡನ ಹೆಸರನ್ನು ಗಟ್ಟಿ ಮಾಡಿಡಬೇಕೆಂದು ಚಿಕ್ಕೋಡಿಗೆ ಬಂದವಳು. ನಾಳೆ ಮುರಗೆಪ್ಪನ ಪುಣ್ಯತಿಥಿ. ಕಬ್ಬೂರಿನಲ್ಲಿ ಸ್ಪೀಕರಿನ ಮೇಲೆ ಈ ಹಾಡು ಮೊಳಗಬೇಕು. ಅಲ್ಲಿಂದ ಎಲ್ಲರ ಮೊಬೈಲಿಗೂ ಹೋಗಬೇಕು. ಹೆಸರಿಲ್ಲದೆ ಹೋದರೆ? ಖಾಲಿ ಜಾಗಕ್ಕೆ ಯಾರು ಬೇಕಾದರೂ ತಮ್ಮ ಹೆಸರು ಕೂಡಿಸಿಕೊಳ್ಳಬಹುದು.

ಅಮಿತ ಉಳಿದ ವಾದ್ಯಗಳನ್ನೆಲ್ಲ ಮುಚ್ಚಿ ಮುದುಕಿಯ ದನಿಯನ್ನಷ್ಟೇ ಹಚ್ಚಿದ. 'ಕೇಳ್ಯಾನ ಕಬ್ಬೂರ —' ಆಮೇಲೆ ಏನೂ ಇಲ್ಲ.

"ಆಯಿ, ನೀವ ಹಾಡಿಲ್ರಿ. ಹೆಸರು ಬಿಟ್ಟೀರಿ," ಎಂದ.

ಆ ಮಾತು ಆಡಬಾರದಿತ್ತು. ಗೌರಾಬಾಯಿಯ ಕಣ್ಣು ತುಂಬಿ ಬಂತು. "ನಾ ಹಾಡೇನೋ. ಆ ಒಂದ ಮಾತಿಗೆ ಅಂತ ಬಂದಾಕಿ ನಾನು. ಅದನ್ನ ಬಿಡ್ತೇನೇನು?"

"ಹಾಡ್ಯಾಳ! ನಾ ಗಾಜಿನಾಗಿಂದ ನೋಡೇನಿ, ಅವ್ವನ ತುಟಿ ಅಳ್ಳಾಡಿದ್ವು," ಸುಗಂಧಾ ದನಿ ಏರಿಸಿದಳು. ಆಮೇಲೆ ಕಾಕಾಸಾಹೇಬನ ಕಡೆ ತಿರುಗಿದಳು. "ಕಾಕಾ, ರೆಕಾರ್ಡಿಂಗ್ ಆದ ದಿನ ಅಮಿತ ನಮ್ಮನ್ನ ಬಸ್‌ಸ್ಟ್ಯಾಂಡಿಗೆ ಬಿಡಾಕ ಬಂದಾಗ ಈ ಕೋಣ್ಯಾಗ ಒಬ್ಬನ ಕುಂತಾವ ಯಾರು?"

"ನಾನ."

"ಕಂಪ್ಯೂಟರ್ ಮುಟ್ಟಿದ್ದಿ?"

"ಹೆಡ್‌ಫೋನ್ ಹಾಕ್ಕೊಂಡು ಹಾಡು ಕೇಳಿದೆ. ಒಂದು ಗುಂಡಿ ಒತ್ತಿದೆ, ಅಷ್ಟ. ಆಗ ಹೆಸರು ಇತ್ತವಾ. ನಾನ ಕೇಳೇನಿ. ಖರೇನ ಇತ್ತು."

ಇತ್ತೇ? ಹಾಗಾದರೆ ಇವನು ಕೇಳಿದ ಮೇಲೆ ಹೋಯಿತೇ? ಪಾಪದವನು ತನ್ನ ಕುತ್ತಿಗೆಗೆ ತಾನೇ ಹಗ್ಗ ಹಾಕಿಕೊಂಡಂತಾಯಿತು. ಗೌರಾಬಾಯಿ ಅವನತ್ತ ನೋಡದೆ, "ಮಗನಂಗ ನೋಡ್ಕೊಂಡಿದ್ವಿ ನಿನ್ನ," ಎಂದಷ್ಟೇ ಅಂದಳು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದನೇನೋ.

ಅಮಿತ ಅಥಣಿಗೆ ಫೋನು ಮಾಡಿದ್ದು ಆಗ.

*

ಅಥಣಿಯ ದಾನೇಶ್ವರಿ ಪುಣೆಯ ಸ್ಟುಡಿಯೋಗಳಲ್ಲಿ ಕೆಲಸ ಮಾಡಿ ಬಂದವಳು. ಯಾರ ಹಾಡನ್ನು ಯಾರು ಎತ್ತಿದರು, ಯಾವ ದನಿಯ ಮೇಲೆ ಯಾವ ದನಿ ಕೂಡಿಸಿದರು ಎಂಬ ಜಗಳಗಳೆಲ್ಲ ಈಗ ಅವಳ ಹತ್ತಿರವೇ ಬರುತ್ತವೆ. 'ಹಾಡಿನ ಪೊಲೀಸ' ಎಂದು ಜನ ಚೇಷ್ಟೆ ಮಾಡುತ್ತಾರೆ. ಮಾಡಲಿ ಎಂದು ಅವಳೂ ಸುಮ್ಮನಿದ್ದಾಳೆ. ಮಧ್ಯಾಹ್ನದ ಹೊತ್ತಿಗೆ ಬಂದವಳು ಚಹಾ ಕೂಡ ಬೇಡವೆಂದು ಕುರ್ಚಿ ಎಳೆದುಕೊಂಡಳು.

"ಬರೇ ಆಯಿ ದನಿ ಹಚ್ಚು. ಮೊದಲಿಂದ."

"ಕಡೀ ನುಡಿ ಸಾಕಲ್ರಿ ಅಕ್ಕಾ?"

"ಕಳವಾದ ಮನಿಯೊಳಗ ಕಳವಾದ ಕಪಾಟ ಒಂದನ್ನ ನೋಡಿದ್ರ ಆಗ್ತೈತೇನು? ಮೊದಲಿಂದ ಹಚ್ಚು."

ಕಣ್ಣು ಮುಚ್ಚಿ ಪೂರಾ ಹಾಡು ಕೇಳಿದಳು. ಕೆಳಗೆ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ತನ್ನ ಡಬ್ಬಾ ಸ್ಪೀಕರಿನಲ್ಲಿ ಏನೋ ಅರಚುತ್ತ ಹಾದುಹೋಯಿತು. ಕಿಟಕಿಯ ಗಾಜು ಅದುರಿತು.

"ಆವತ್ತೂ ಟ್ರ್ಯಾಕ್ಟರ್ ಓಡಾಡತಿದ್ದು?" ಕಣ್ಣು ತೆರೆಯದೆಯೇ ಕೇಳಿದಳು.

"ಕಾರ್ಖಾನಿ ಚಾಲೂ ಐತಲ್ರಿ. ದಿನಾ ಅದ ಗೋಳು."

"ಆಯಿ, ನಿಮಗ ದಮ್ಮು ಯಾವಾಗಿಂದ?"

ಗೌರಾಬಾಯಿ ಬೆರಗಾದಳು. ಮೆಟ್ಟಿಲು ಹತ್ತಿ ಬಂದಾಗಿನಿಂದಲೂ ಅವಳ ಎದೆ ಸುಂಯ್‌ಗುಡುತ್ತಿತ್ತು. "ಭಾಳ ವರ್ಷ ಆತವಾ. ಯಾಕ?"

"ಸುಮ್ನ ಕೇಳಿದೆ." ದಾನೇಶ್ವರಿ ಕಾಕಾಸಾಹೇಬನತ್ತ ತಿರುಗಿದಳು. "ನೀವು ಹೆಸರು ಕೇಳಿದ್ರಿ ಅಂತೀರಿ. ಹೆಂಗ ಕೇಳಿಸ್ತು?"

"ಹೆಂಗ ಅಂದ್ರ?"

"ಗಟ್ಟಿಯಾಗೋ, ಸಣ್ಣಗೋ?"

ಕಾಕಾಸಾಹೇಬ ನೆನಪು ಮಾಡಿಕೊಂಡ. "ಸಣ್ಣಗ್ರಿ. ಅಲ್ಲೆ ನಾ ಪೇಟಿ ಜೋರ ಬಾರಿಸೇನಿ. ಮುರಗೆಪ್ಪ ಅಣ್ಣಾರ ಹೆಸರು ಬಂತಂದ್ರ ನಾವು ಹಂಗ ಬಾರಸೂದು, ಅದು ಸಲಾಮು ಇದ್ದಂಗ. ಪೇಟಿ ಕೆಳಗ ಹೆಸರು ನೂಲಿನ ಎಳೀಗತೆ ಕೇಳಿಸ್ತು. ನನಗ… ಅಳು ಬಂತರಿ."

ಅಮಿತನಿಗೆ ಇದು ನಾಟಕವೆನಿಸಿತು. ದಾನೇಶ್ವರಿ ಮಾತ್ರ ತಲೆಯಾಡಿಸಿ, ಪರದೆಯ ಮೇಲಿನ ದನಿಯ ಗೆರೆಯನ್ನು ಹಿಗ್ಗಿಸತೊಡಗಿದಳು. ಹಾಡಿದ ಕಡೆ ಗೆರೆ ಬೆಟ್ಟದಂತೆ ಏರಿತ್ತು, ಹಾಡದ ಕಡೆ ಚಪ್ಪಟೆ. 'ಕಬ್ಬೂರ' ಮುಗಿದ ಜಾಗವನ್ನು ಅವಳು ಹಿಗ್ಗಿಸಿದಳು, ಇನ್ನೂ ಹಿಗ್ಗಿಸಿದಳು. ಏನೋ ಕಂಡಿತು. ಆದರೆ ಹೇಳಲಿಲ್ಲ.

"ಕತ್ತರಸಿದ ಗುರತು ಇಲ್ಲ," ಎಂದಷ್ಟೇ ಅಂದಳು. "ಅಮಿತ, ಆಯಿ ದನಿಗೆ ಯಾವ ಯಾವ ಪ್ಲಗಿನ್ ಹಾಕೀ?"

ಅಮಿತನಿಗೆ ಈ ಪ್ರಶ್ನೆ ಇಷ್ಟ. ದನಿಗೆ ಬಣ್ಣ ಬಳಿಯುವ, ದನಿಯನ್ನು ತೊಳೆಯುವ ಈ ಪುಟ್ಟ ಪುಟ್ಟ ಸಾಫ್ಟ್‌ವೇರುಗಳ ಹುಚ್ಚು ಅವನಿಗೆ ಹಿಡಿದಿತ್ತು. ಹೊಸದು ಬಂತೆಂದರೆ ಸಾಕು, ಅವನಿಗೆ ಅನ್ನ ಸೇರುತ್ತಿರಲಿಲ್ಲ. ಉತ್ಸಾಹದಿಂದ ಪಟ್ಟಿ ತೆರೆದು ತೋರಿಸಿದ. ಒಂದರ ಕೆಳಗೊಂದು ಉದ್ದಕ್ಕೆ ಇಳಿದಿದ್ದವು.

"ಇಷ್ಟ? ಇವನ್ನೆಲ್ಲ ನೀ ಆರಿಸಿದ್ದೋ?"

"ಇಲ್ರಿ. ರೆಡಿ ಸಾಲು ಸಿಗತೈತಿ ನೆಟ್ಟಿನ್ಯಾಗ. ಡಿಜೆ ಹಾಡು ಮಾಡವರು ಎಲ್ಲಾರೂ ಇದನ್ನ ಹಾಕ್ತಾರ. ಒಂದ ಕ್ಲಿಕ್ಕಿಗೆ ಎಲ್ಲಾ ಕೂಡತಾವ. ದನಿ ಗಾಜಿನಂಗ ಆಗತೈತಿ."

"ಒಂದೊಂದ ತಗದು, ಏನ್ ಮಾಡಾಕತ್ತೈತಿ ಅಂತ ಕೇಳೀ?"

"ಚೊಲೋ ಕೇಳಾಕತ್ತಿತ್ತಲ್ರಿ, ಅದಕ್ಕ…"

"ಯಾವಾಗ ಹಾಕಿದ್ದು?"

"ಇವರನ್ನ ಬಸ್ಸಿಗೆ ಬಿಟ್ಟು, ಕಾಕಾ ಮನಿಗೆ ಹೋದಮ್ಯಾಲ."

ದಾನೇಶ್ವರಿ ಕುರ್ಚಿಯನ್ನು ಹಿಂದಕ್ಕೆ ಸರಿಸಿ ಎಲ್ಲರಿಗೂ ಮುಖ ಮಾಡಿ ಕುಳಿತಳು.

*

"ಕಳ್ಳ ಸಿಕ್ಕ," ಎಂದಳು.

ಕಾಕಾಸಾಹೇಬ ಬಾಗಿಲ ಕಡೆ ನೋಡಿದ. ಓಡಲು ಅಲ್ಲ. ಅವಮಾನದಲ್ಲಿ ನಿಲ್ಲಲಾಗದೆ.

"ಹೆಸರು ಕದಿಯಾವ ಹೆಸರನ್ನಷ್ಟ ಕದೀತಾನ. ಹೌದಲ್ಲೊ? ಆದ್ರ ನಾ ಪೂರಾ ಹಾಡು ಕೇಳಿದೆ. ಆಯಿಗೆ ದಮ್ಮು ಐತಿ. ನುಡಿ ನುಡಿಗೂ ಉಸರು ಎಳೀಬೇಕು. ಹಾಡಿನ್ಯಾಗ ಒಂದು ಉಸರೂ ಇಲ್ಲ. ರಸ್ತೇದಾಗ ಟ್ರ್ಯಾಕ್ಟರ್ ಓಡಾಡತಾವ. ಹಾಡಿನ್ಯಾಗ ಒಂದೂ ಇಲ್ಲ. ಕಳ್ಳ ಉಸರು ಯಾಕ ಒಯ್ದ? ಟ್ರ್ಯಾಕ್ಟರ್ ಯಾಕ ಒಯ್ದ?"

ಅಮಿತ ಪರದೆಯ ಮೇಲಿನ ಪ್ಲಗಿನ್ ಪಟ್ಟಿಯನ್ನು ಮತ್ತೆ ನೋಡಿದ.

"ಉಸರು, ಟ್ರ್ಯಾಕ್ಟರು, ಹೆಸರು — ಇವು ಮೂರಕ್ಕೂ ಏನ್ ಸಂಬಂಧ?" ದಾನೇಶ್ವರಿಯೇ ಮತ್ತೆ ಕೇಳಿದಳು.

"ಉಸರು ಸಣ್ಣ ದನಿ. ಗಾಜಿನ ಆಚೀಕಿನ ಟ್ರ್ಯಾಕ್ಟರೂ ಸಣ್ಣ ದನಿ," ಸುಗಂಧಾ ತಡವರಿಸಿದಳು. "ಆದ್ರ ಹೆಸರು? ಅವ್ವ ಎಷ್ಟ ಗಟ್ಟಿ ಹಾಡ್ತಾಳ ಗೊತ್ತೇನ್ರಿ? ಹೊಲದಾಗಿಂದ ಕೂಗಿದ್ರ ಮನೀಗೆ ಕೇಳತೈತಿ."

ದಾನೇಶ್ವರಿ ಮುದುಕಿಯ ಕೈ ಹಿಡಿದಳು. "ಆಯಿ, ಸಿಟ್ಟ ಆಗಬ್ಯಾಡ್ರಿ. ನಿಮ್ಮ ಯಜಮಾನ್ರ ಹೆಸರು ಒಮ್ಮೆ ಹೇಳ್ರಿ."

ಗೌರಾಬಾಯಿ ಗಾಬರಿಯಾದಳು. ಮಗಳನ್ನು ನೋಡಿದಳು, ಮಗಳು ಬಾಯಿ ತೆರೆಯುವ ಮೊದಲೇ ದಾನೇಶ್ವರಿ ಕೈ ಅಡ್ಡ ಮಾಡಿದಳು. ಮುದುಕಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಮುಖ ಪಕ್ಕಕ್ಕೆ ಹೊರಳಿಸಿ, ತುಟಿ ಅಲ್ಲಾಡಿಸಿದಳು.

ಫ್ಯಾನಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

"ಮದವಿ ದಿನ ಒಡಪಿನ್ಯಾಗ, ಪದದಂಥ ಮಾತಿನ್ಯಾಗ ಕೂಡಿಸಿ, ಹೆಸರು ಹೇಳಿಸಿದ್ರು," ಗೌರಾಬಾಯಿ ನೆಲ ನೋಡುತ್ತ ಅಂದಳು. "ಆಮ್ಯಾಲ ಎಂದೂ ಅಂದಿಲ್ಲ. ಈ ಪದಾ ಹಾಡೂವಾಗ ಆ ಜಾಗಾ ಬಂತಂದ್ರ ಅವರ ಅಂತಿದ್ರು, ನಾ ಸುಮ್ನಿರತಿದ್ದೆ. ಈಗ ಅವರಿಲ್ಲಲಾ… ನಾನ ಅನ್ನಬೇಕಾತು."

ಅಮಿತನಿಗೆ ಎಲ್ಲವೂ ಒಮ್ಮೆಲೇ ಅರ್ಥವಾಯಿತು. ಅರ್ಥವಾಗದಿದ್ದರೆ ಚೆನ್ನಾಗಿತ್ತು ಎಂದೂ ಅನಿಸಿತು.

"ಈ ಸಾಲಿನ್ಯಾಗ ಗೇಟ್ ಅಂತ ಒಂದು ಪ್ಲಗಿನ್ ಐತಿ," ದಾನೇಶ್ವರಿ ಪರದೆಯತ್ತ ಬೆರಳು ಮಾಡಿದಳು. "ಬಾಗಲ ಕಾಯಾವ ಅಂತ ತಿಳೀರಿ. ಗಟ್ಟಿ ದನಿ ಬಂದ್ರ ಬಾಗಲಾ ತಗೀತಾನ, ಸಣ್ಣ ದನಿ ಬಂದ್ರ ಹಾಕ್ತಾನ. ಡಿಜೆ ಹಾಡಿನವರು ಗಂಟಲ ಹರಕೊಂಡು ಒದರತಾರ; ಅವರಿಗೆ ಅಂತ ಇವನ ಅಳತಿ ಇಟ್ಟಾರ. ಆಯಿ ಉಸರು ಬಂತು, ಕಸ ಅಂದ. ಟ್ರ್ಯಾಕ್ಟರ್ ಬಂತು, ಕಸ ಅಂದ. ಗಂಡನ ಹೆಸರು ಬಂತು —"

"ಆದ್ರ ಅಕ್ಕಾ, ನಾ ಬರೇ ದನಿ ಹಚ್ಚಿ ನೋಡೇನಲ್ರಿ!"

"ವಾದ್ಯ ಮುಚ್ಚಿದಿ, ಪ್ಲಗಿನ್ ಮುಚ್ಚಲಿಲ್ಲ. ಆ ಸಾಲು ದನಿ ಮ್ಯಾಲ ಹಂಗ ಕುಂತಿತ್ತು. ಕಾಕಾಸಾಹೇಬರು ಕೇಳಿದ್ದು ಸಾಲು ಹಾಕೂ ಮೊದಲ. ಅದಕ್ಕ ಅವರಿಗೆ ಹೆಸರು ಕೇಳಿಸ್ತು. ಇಲ್ಲಿ ಖರೇ ಹೇಳಿದಾವ ಅವರೊಬ್ಬರ. ಯಾರೂ ನಂಬಲಿಲ್ಲ. ಹಿಗ್ಗಿಸಿ ನೋಡು — ಕಿವಿಗೆ ಏನೂ ಇಲ್ಲ, ಕಣ್ಣಿಗೆ ಗೆರಿಯಾಗ ಸಣ್ಣ ಅಲಿ ಐತಿ. ಹೆಸರು ಅಲ್ಲೇ ಐತಿ, ಎಲ್ಲೂ ಹೋಗಿಲ್ಲ. ಅದರ ಬಾಯಿ ಮುಚ್ಚಿದಾವ ನೀನ, ಅಮಿತ. ಬೇಕಂತ ಅಲ್ಲ. ಹಾಡು ಕೇಳದ ಪ್ಲಗಿನ್ ಆರಿಸಿದ್ದಕ್ಕ."

ಅಮಿತ ತಲೆ ತಗ್ಗಿಸಿದ. ಮುದುಕಿ ಹಾಡುತ್ತಿದ್ದ ದಿನ ತಾನು ಏನು ಮಾಡುತ್ತಿದ್ದೆ ಎಂದು ನೆನಪಾಯಿತು. ದನಿ ಕೆಂಪು ಗೆರೆ ಮುಟ್ಟೀತೆಂದು ಮೀಟರಿನ ಮೇಲೇ ಕಣ್ಣು ನೆಟ್ಟಿದ್ದ. ಒಬ್ಬ ಹೆಂಗಸು ಗಾಜಿನ ಆಚೆ ಗಂಡನ ಹೆಸರನ್ನು ಬಾಯಿಗೆ ತಂದುಕೊಳ್ಳುತ್ತಿದ್ದಳು. ಅವನಿಗೆ ಕಂಡದ್ದು ಹಸಿರು ದೀಪ ಮಾತ್ರ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, 'ನೀವ ಹಾಡಿಲ್ರಿ' ಎಂದದ್ದು ಕುಟುಕಿತು.

ಕೈ ಚಾಚಿ ಸಾಲನ್ನು ಪೂರಾ ಮುಚ್ಚಿ, ಬರಿಯ ದನಿ ಹಚ್ಚಿದ.

ಗಾಜಿನಂಥ ದನಿ ಹೋಗಿ ಮುದುಕಿಯ ದನಿ ಬಂತು. ಸುಂಯ್ ಎಂದು ಉಸಿರೆಳೆದುಕೊಳ್ಳುವುದು ಕೇಳಿಸಿತು. ದೂರದಲ್ಲಿ ಟ್ರ್ಯಾಕ್ಟರು ಗುಡುಗಿತು. *ಕೇಳ್ಯಾನ ಕಬ್ಬೂರ* — ಒಂದು ಚೂರು ತಡವರಿಕೆ, ಬಳೆಯ ಸದ್ದು, ಆಮೇಲೆ ದೀಪ ಆರಿಸುವಾಗಿನ ಉಸಿರಿನಷ್ಟು ಮೆಲ್ಲಗೆ — *ಮುರಗೆಪ್ಪ.*

ಸುಗಂಧಾ ಅತ್ತುಬಿಟ್ಟಳು.

"ಇದನ್ನ ಈಗ ದೊಡ್ಡದ ಮಾಡ್ತೇನ್ರಿ ಆಯಿ," ಅಮಿತ ಅವಸರದಿಂದ ಅಂದ. "ಆ ಮಾತು ಒಂದನ್ನ ಎತ್ತಿ, ಕಂಪ್ರೆಸರ್ ಹಾಕಿ ಗಟ್ಟಿ ಮಾಡ್ತೇನಿ. ಊರಿಗೆಲ್ಲಾ ಕೇಳೂಹಂಗ —"

"ಬ್ಯಾಡೋ ತಮ್ಮಾ. ನಾ ಹಂಗ ಒದರಿಲ್ಲ. ಹೆಂಗ ಅಂದೇನಿ ಹಂಗ ಇರಲಿ."

"ಹಂಗ ಇಟ್ರ ಪೇಟಿ ನುಂಗತೈತ್ರಿ. ನಾಳೆ ಸ್ಪೀಕರಿನ ಮ್ಯಾಲ ಕೇಳೂದ ಇಲ್ಲ."

ದಾನೇಶ್ವರಿ ಕುರ್ಚಿಯನ್ನು ಇನ್ನಷ್ಟು ಹಿಂದಕ್ಕೆ ಸರಿಸಿದಳು. ಇದು ಪತ್ತೆ ಮಾಡುವ ಕೆಲಸವಲ್ಲ, ಆರಿಸುವ ಕೆಲಸ. ಆರಿಸಬೇಕಾದವರು ಬೇರೆ ಇದ್ದರು.

ಕಾಕಾಸಾಹೇಬ ಗೋಡೆ ಬಿಟ್ಟು ಮುಂದೆ ಬಂದ. "ಅಮಿತ, ಅಲ್ಲೆ ನನ್ನ ಪೇಟಿ ಇಳಸು."

"ಎಷ್ಟು ಕಾಕಾ?"

"ಪೂರಾ ತಗಿ."

"ನಿಮ್ಮ ಸಲಾಮು ಅಂದ್ರೆಲ್ಲಾ?"

"ವೈನಿ ತಮ್ಮ ಗಂಡನ ಹೆಸರು ತಗೊಳ್ಳಾಕತ್ತಾರಲೇ. ಅಲ್ಲೆ ಸುಮ್ನಿರೂದ ಸಲಾಮು."

ಗೌರಾಬಾಯಿ ಆಗ ಅವನ ಮುಖ ನೋಡಿದಳು. "ಕಾಕಾಸಾಹೇಬ, ನಾ ನಿನಗ…" ಎಂದಳು. ಅವನು ಅವಳ ಕಾಲ ಬಳಿ ನೆಲದ ಮೇಲೆ ಕುಳಿತ. ಮುರಗೆಪ್ಪನ ಮನೆಯ ಪಡಸಾಲೆಯಲ್ಲಿ ಪೇಟಿ ಕಲಿಯುವಾಗ ಕುಳಿತುಕೊಳ್ಳುತ್ತಿದ್ದ ಹಾಗೆ.

ಅಮಿತ ಹೊಸದಾಗಿ ಮಿಕ್ಸ್ ಮಾಡಲು ಕುಳಿತ. ಒಂದೊಂದು ಪ್ಲಗಿನ್ ಹಾಕುವ ಮೊದಲೂ ಹಾಡು ಕೇಳಿದ. ಹಾಕಿದ ಮೇಲೆ ಮತ್ತೆ ಕೇಳಿದ. ಬಹಳಷ್ಟನ್ನು ಕಿತ್ತುಹಾಕಿದ. ಉಸಿರು ಉಳಿಯಿತು, ಬಳೆ ಉಳಿಯಿತು, ಹಟಮಾರಿ ಟ್ರ್ಯಾಕ್ಟರೂ ಅಲ್ಲಿ ಇಲ್ಲಿ ಉಳಿದುಕೊಂಡಿತು. ಕೊನೆಯ ಹಂತವಾದ ಮಾಸ್ಟರಿಂಗಿನಲ್ಲಿ ಹಾಡನ್ನು ಇನ್ನೂ ಜೋರು ಮಾಡುವ ಗುಂಡಿಯ ಮೇಲೆ ಬೆರಳಿಟ್ಟವನು ದಾನೇಶ್ವರಿಯತ್ತ ನೋಡಿ ಬೆರಳು ತೆಗೆದ. ಅವಳು ನಕ್ಕು, ಆಗ ಬೇಡವೆಂದಿದ್ದ ಚಹಾ ಈಗ ತರಿಸು ಎಂದಳು.

ಸಂಜೆ ಎಲ್ಲರೂ ಕೂತು ಕೇಳಿದರು. ಕೊನೆಯ ನುಡಿ ಬಂತು. 'ಕಬ್ಬೂರ' ಎಂಬಲ್ಲಿ ಪೇಟಿ ನಿಂತಿತು, ತಬಲಾ ನಿಂತಿತು. ಆ ಬಿಡುವಿನಲ್ಲಿ ಹೆಸರು ಕೇಳಿಸಿತು, ಎಷ್ಟು ಸಣ್ಣಗಿತ್ತೋ ಅಷ್ಟೇ ಸಣ್ಣಗೆ. ಅಲ್ಲಿ ಇನ್ನು ಯಾರ ಹೆಸರನ್ನೂ ಕೂಡಿಸುವುದು ಸಾಧ್ಯವಿರಲಿಲ್ಲ.

ಗೌರಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು, ತಾನು ಅಂದದ್ದಕ್ಕೆ ತಾನೇ ನಾಚಿದಳು. ಆಮೇಲೆ ಅಮಿತನ ತೋಳನ್ನು ಮೆಲ್ಲಗೆ ತಟ್ಟಿ ಕೇಳಿದಳು.

"ಇನ್ನೊಮ್ಮೆ ಹಚ್ಚೋ."